ಕೊನೆಯ ತೊಟ್ಟಿಯ ವಾಸನೆ

ಮಾರ್ಚ್ 3, ಗುರುವಾರ

ಮತ್ತೆ ಅದೇ. ಲ್ಯಾಬಿನಲ್ಲಿ ನಾನು ಮಾಡಿದ ಟೆಸ್ಟಿನಲ್ಲಿ ನೀರಿನ ಅಮೋನಿಯಾ ನಲವತ್ತು. ಕೊನೆಯ ತೊಟ್ಟಿಯ ಮೀಟರಿನಲ್ಲಿ ನಾಲ್ಕು. ಯಾವುದನ್ನು ನಂಬಲಿ?

ಗೊಬ್ಬರ ಕಾರ್ಖಾನೆಯ ಕೊಳೆನೀರೆಲ್ಲ ಶುದ್ಧವಾಗಿ ಆ ತೊಟ್ಟಿಗೆ ಬರುತ್ತದೆ. ಸೋಮವಾರದಿಂದ ಅದನ್ನೇ ಕೂಲಿಂಗ್ ಟವರಿಗೆ ಬಿಡುತ್ತಾರಂತೆ. ನಲವತ್ತೇ ನಿಜವಾದರೆ, ಆ ನೀರಿನಿಂದ ಗ್ಯಾಸ್ ತಣಿಸುವ ತಾಮ್ರದ ಕೊಳವೆಗಳನ್ನು ಅಮೋನಿಯಾ ತಿಂದು ತೂತು. ಆಮೇಲೆ ಗ್ಯಾಸ್ ಸೋರಿದರೆ... ಸುತ್ತ ಅಷ್ಟು ಜನ.

ತೊಟ್ಟಿಯ ಆಪರೇಟರ್ ಅಪ್ಪನೇ. ಬಗ್ಗಿ ಮೂಸಿದರು. “ಏನೂ ಇಲ್ಲ ಕಣಮ್ಮ. ಮೀಟರ್ ಸರಿಯಾಗೇ ಇದೆ. ನಿನ್ನ ಟೆಸ್ಟೇ ಎಡವಟ್ಟು.”

ನನಗೆ ಮೂಗು ಚುರ್ ಎಂದಿತ್ತು. ಎಂದಿತ್ತೋ, ಹಾಗೆ ಅನ್ನಿಸಿತೋ?

ಮಾರ್ಚ್ 4

ಹೊಸ ಬಾಟಲಿ, ಹೊಸ ದ್ರಾವಣ. ನಲವತ್ತೊಂದು.

ಲ್ಯಾಬ್ ಮೇಡಂ ನಕ್ಕರು. “ಇಪ್ಪತ್ತೆಂಟು ವರ್ಷ ಆ ನೀರಿನ ಜೊತೆ ಏಗಿದೋರು ನಿಮ್ಮಪ್ಪ. ವಾಸನೆ ಇಲ್ಲ ಅಂದ್ರೆ ಇಲ್ಲ.”

ತಲೆ ಕೆಟ್ಟು ಗೊಬ್ಬರ. ಇರುವ ಕಡೆಯೇ ಗೊಬ್ಬರ, ಬಿಡು.

ಮಾರ್ಚ್ 6, ಭಾನುವಾರ, ಬೆಳಿಗ್ಗೆ

ಸ್ನಾನದ ಮನೆಯಲ್ಲಿದ್ದೆ. ಸೀದ ವಾಸನೆ. ಒದ್ದೆ ತಲೆಯಲ್ಲೇ ಓಡಿ ಬಂದೆ. ಹಾಲಿನ ಪಾತ್ರೆಯ ತಳ ಕಪ್ಪಗೆ. ಒಲೆಯಿಂದ ಎರಡೇ ಮಾರು ದೂರದಲ್ಲಿ, ಒಲೆಗೆ ಬೆನ್ನು ಹಾಕಿ ಅಪ್ಪ ಪೇಪರ್ ಓದುತ್ತಿದ್ದರು.

“ಹಾಲು ಸೀದು ಹೋಯ್ತಲ್ಲಪ್ಪಾ!”

“ಹೌದಾ? ನೆಗಡಿ ಕಣೇ...”

ಒಂದು ಸೀನು ಇಲ್ಲ, ಕರವಸ್ತ್ರ ಇಲ್ಲ. ಪೇಪರಿನಿಂದ ಮುಖ ಎತ್ತಲೇ ಇಲ್ಲ. ಕೇಳಬೇಕಿತ್ತು.  ಪಾತ್ರೆ ಉಜ್ಜಲು ಕೂತೆ.

ಮಾರ್ಚ್ 7, ಮಧ್ಯಾಹ್ನ

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಬೆಳಿಗ್ಗೆ ಎಂಟಕ್ಕೆ ಸೂಪರ್‌ವೈಸರ್ ಟವರಿಗೆ ನೀರು ಬಿಡುವ ವಾಲ್ವ್ ತೆರೆಸಲು ಬಂದರು. ಅಡ್ಡ ನಿಂತೆ. “ಮೊದಲು ಮೀಟರ್ ಬಿಚ್ಚಿಸಿ ಸಾರ್. ಆಮೇಲೆ ನನ್ನ ಬೈಯಿರಿ.” ಬಿಚ್ಚಿದರು. ನೀರಿನಲ್ಲಿ ಮುಳುಗಿರುವ ತುದಿಗೆ ಬೆರಳು ದಪ್ಪ ಲೋಳೆ. ಒರೆಸಿ ಮತ್ತೆ ಮುಳುಗಿಸಿದರೆ— ಮೂವತ್ತೊಂಬತ್ತು.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಸೂಪರ್‌ವೈಸರ್ ಅಪ್ಪನ ಕಡೆ ತಿರುಗಿದರು. “ಇಷ್ಟಿದ್ರೂ ವಾಸನೆ ಬರ್ಲಿಲ್ವೇನ್ರಿ ನಿಮ್ಗೆ?”

ನೆಗಡಿ ಎಂದು ನಾನೇ ಹೇಳಿಬಿಡಲು ಬಾಯಿ ತೆರೆದಿದ್ದೆ, ದೇವರಾಣೆ. ಅಪ್ಪ ಕೈ ಅಡ್ಡ ಮಾಡಿದರು.

“ಮೂಗು ಸತ್ತು ವರ್ಷ ಆಯ್ತು ಸಾರ್. ಮಗಳಿಗೂ ಹೇಳಿರ್ಲಿಲ್ಲ.”

ವಾಲ್ವ್‌ಗೆ ಬೀಗ ಬಿತ್ತು. ಅಪ್ಪನನ್ನು ಗೇಟಿನ ಕೆಲಸಕ್ಕೆ ಹಾಕಿದರು. ಹೋಗುವಾಗ ನನ್ನ ತಲೆ ಸವರಿದರು. ಸಿಟ್ಟು ಮಾಡಲೋ, ಅಳಲೋ?

ವರ್ಷ. ದಿನಾ ಬೆಳಿಗ್ಗೆ ತೊಟ್ಟಿಯ ರಿಜಿಸ್ಟರಿನಲ್ಲಿ ‘ವಾಸನೆ ಇಲ್ಲ’ ಎಂದು ಬರೆದವರು ಅವರು. ಕೆಳಗೆ, ಮೊನ್ನೆಯವರೆಗೆ ಒಮ್ಮೆಯೂ ಮೂಸಿ ನೋಡದೆ, ಲ್ಯಾಬಿನ ಪರವಾಗಿ ಸಹಿ ಹಾಕಿದವಳು ನಾನು.