ಹೆಣದ ಕೋಣೆಯಲ್ಲಿ ಸಿಕ್ಕ ನೆಮ್ಮದಿ

ಚಿಂಚೋಳಿ
೧೭ ನವೆಂಬರ್ ೨೦೨೪

ಮಗಳು ಮೈತ್ರಿಗೆ,

ನಿನ್ನಪ್ಪನ ಜೈಭೀಮ್. ನಾನೂ ನಿನ್ನ ಅವ್ವನೂ ಆರಾಮ ಇದ್ದೇವೆ. ಶಹಾಬಾದಿನಲ್ಲಿ ನೀನು, ಅಳಿಯಂದಿರು, ಕೂಸು ಪ್ರಬುದ್ಧ ಕ್ಷೇಮವೆಂದು ನಂಬಿದ್ದೇನೆ. ಅಲ್ಲಿಗೆ ಬರುವ ವಿಚಾರ ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ಉತ್ತರ ಹೇಳದೆ ಅವ್ವನ ಕೈಗೆ ಫೋನ್ ಕೊಟ್ಟುಬಿಟ್ಟೆ. ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಬರೆಯಲು ಕೂತರೆ ಹೇಗೋ ಬರುತ್ತದೆ.

ಅಳಿಯಂದಿರು ಬರೆಸಿದ ಅರ್ಜಿ ಪಾಸಾಗಿದೆ. ಪೋಸ್ಟ್‌ಮಾರ್ಟಂ ಕೋಣೆಯ ಕೆಲಸದಿಂದ ನನ್ನನ್ನು ತೆಗೆದು, ನಿಮ್ಮೂರಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೌಂಟರಿಗೆ ಹಾಕುತ್ತಾರಂತೆ. ನಮ್ಮ ಡಾಕ್ಟರ್ ರಿಹಾನ ಮೇಡಂ ಕರೆದು, "ದೇವಿಂದ್ರಪ್ಪ, ಭಾಳ ವರ್ಷ ದುಡದೀರಿ. ಇನ್ನ ಮಗಳ ಊರಾಗ ಆರಾಮ ಕುಂದ್ರಿ. ತಿಂಗಳು ಮುಗಿಯೋದ್ರೊಳಗ ಹೂಂ ಅನ್ರಿ ಸಾಕು" ಎಂದರು. ಕೆಲಸ ರೂಢಿಯಾಗಲೆಂದು ಇಲ್ಲಿನ ಕೌಂಟರಿನಲ್ಲೇ ಒಂದು ವಾರ ಕೂರಿಸಿದರು.

ಅವ್ವ ದಿನಾ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕೆಂಬ ಕಟ್ಟು ಇರಲಿಲ್ಲ. ಚಹಾದಂಗಡಿಯಲ್ಲಿ ಜನ ಪಕ್ಕಕ್ಕೆ ಬಂದು ಕೂತರು. ಎಲ್ಲವೂ ಚಂದವೇ. ಆದರೆ ಹೆಸರು, ವಯಸ್ಸು, ಊರು ಬರೆದು ಬರೆದು ಸಂಜೆಯಾದರೆ ಒಬ್ಬರ ಮುಖವೂ ನೆನಪಿರುತ್ತಿರಲಿಲ್ಲ. ಮೈ ದಣಿಯುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ.

ಗುರುವಾರ ಚಂದ್ರಂಪಳ್ಳಿ ಡ್ಯಾಮಿನಲ್ಲಿ ಕಾಲು ಜಾರಿ ಮುಳುಗಿದ ಹುಡುಗಿಯನ್ನು ತಂದರು. ನಿನಗಿಂತ ಚಿಕ್ಕವಳು, ಬಟ್ಟೆ ಒಗೆಯಲು ಹೋಗಿದ್ದಳಂತೆ. ನನ್ನ ಬದಲಿಗೆ ಇನ್ನೂ ಯಾರೂ ಬಂದಿರಲಿಲ್ಲ, ಮೇಡಂ ನನ್ನನ್ನೇ ಕರೆದರು.

ಅವರು ತಮ್ಮ ಕೆಲಸ ಮುಗಿಸಿ ಹೋದಮೇಲೆ ಕೊಯ್ದ ಜಾಗವನ್ನು ನಾನು ಹೊಲಿದೆ. ಕುಡಿಯದೆ ಈ ಕೆಲಸ ಆಗುವುದಿಲ್ಲ ಎಂದು ನನಗೆ ಕಲಿಸಿದ ಅಂಬರಾಯ ಹೇಳುತ್ತಿದ್ದ. ನಾನು ಎಂದೂ ಕುಡಿಯಲಿಲ್ಲ, ಕುಡಿದರೆ ಹೊಲಿಗೆ ಕೆಡುತ್ತದೆ. ಹೇಗೆ ಹೊಲಿದರೂ ಬಟ್ಟೆ ಮುಚ್ಚಿಬಿಡುತ್ತದೆ, ಕೇಳುವವರಿಲ್ಲ. ಆದರೂ ನನಗೆ ಸಣ್ಣಗೆ, ನೇರವಾಗಿ ಬರಬೇಕು. ಕೂದಲಿನ ಪಾಚಿ ತೆಗೆದೆ, ಮುಖ ಒರೆಸಿದೆ, ತಲೆ ಬಾಚಿ ಜಡೆ ಹಾಕಿದೆ. ಅವ್ವ ಜ್ವರದಲ್ಲಿ ಮಲಗಿದಾಗ ನಿನ್ನನ್ನು ಶಾಲೆಗೆ ನಾನೇ ಜಡೆ ಹಾಕಿ ಕಳಿಸುತ್ತಿದ್ದೆನಲ್ಲ, ಹಾಗೆ.

ಹೊರಗೆ ಅವಳ ತಾಯಿ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು. "ನೋಡಬ್ಯಾಡವ್ವಾ, ತಡಕೊಳ್ಳಾಕ ಆಗಲ್ಲ ನಿನಗ" ಎಂದು ನೆಂಟರು ಹಿಡಿದುಕೊಂಡಿದ್ದರು.

"ಬಿಡ್ರಿ ಅಕಿನ್ನ. ನೋಡ್ಲಿ. ನಾ ಹೇಳಾಕತ್ತೀನಿ" ಎಂದೆ.

ಆಕೆ ಒಳಗೆ ಬಂದು ಮಗಳ ಜಡೆ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು, "ಯಪ್ಪಾ, ಜಡಿ ಯಾರು ಹಾಕಿದ್ರು?"

"ನಾನ, ಯವ್ವಾ."

"ಹಿಂಗ ಹಾಕ್ಕೋತಿದ್ಳು" ಎಂದು ಮಗಳ ಪಕ್ಕ ಕೂತು ಮೆಲ್ಲಗೆ ಅಳತೊಡಗಿದಳು. ಮತ್ತೆ ತಲೆ ಚಚ್ಚಿಕೊಳ್ಳಲಿಲ್ಲ.

ಮೈತ್ರಿ, ನನಗೆ ತಿಳಿಯದಾಗಿರುವುದು ಇದು. ಒಂದು ಮನೆ ಹಾಳಾದ ದಿನ ನಾನು ಹೊಟ್ಟೆ ತುಂಬ ಉಂಡೆ, ಗಾಢವಾಗಿ ಮಲಗಿದೆ. ಆ ವಾರದಲ್ಲಿ ಅದೊಂದೇ ದಿನ, ಮಾಡಬೇಕಾದ್ದನ್ನು ಮಾಡಿದೆ ಅನ್ನಿಸಿತು. ಇಂಥದರಲ್ಲಿ ನೆಮ್ಮದಿ ಕಾಣುವ ನಾನು ಎಂಥ ಮನುಷ್ಯ? ಅವ್ವನನ್ನು ಕೇಳಿದೆ. "ರೂಢಿ ಬಿದ್ದದ ನಿಮಗ. ಬಿಟ್ಟರ ಹೋಗ್ತದ" ಎಂದಳು. ಇರಬಹುದು. ಈ ಕೆಲಸ ನಮ್ಮ ಓಣಿಯವರಿಗೇ ಎಂದು ಊರು ನನ್ನ ತಲೆಗೆ ಕಟ್ಟಿತು. ಈಗ ನಾನು ಅದನ್ನು ಪ್ರೀತಿಸಿದರೆ ಕಟ್ಟಿದವರ ಮಾತನ್ನೇ ಒಪ್ಪಿದಂತಲ್ಲವೇ? ಬಾಬಾಸಾಹೇಬರ ಫೋಟೋದ ಮುಂದೆ ಕೂತು ಯೋಚಿಸುತ್ತೇನೆ. ಬಿಟ್ಟರೆ ಗೆದ್ದೆ ಅನ್ನಿಸುತ್ತದೆ. ಮರುಗಳಿಗೆ, ನನ್ನ ನಂತರ ಬರುವವನು ಹೇಗೆ ಹೊಲಿಯುತ್ತಾನೋ ಅನ್ನಿಸುತ್ತದೆ.

ನೀನು ಟೀಚರ್, ನಾಲ್ಕು ಜನಕ್ಕೆ ತಿಳಿಹೇಳುವವಳು. ನನಗೂ ಒಂದು ಮಾತು ಹೇಳು. ಕೂಸಿಗೆ ಥಂಡಿ ತಾಗದಂತೆ ನೋಡಿಕೊ. ಅಳಿಯಂದಿರಿಗೆ ನನ್ನ ನೆನಪು ಹೇಳು. ನಿನ್ನ ಮನೆ ತಂಪಾಗಿರಲಿ, ನಿನ್ನ ಮಾತು ಕೇಳಿ ಕಲಿತ ಮಕ್ಕಳೆಲ್ಲ ತಲೆಯೆತ್ತಿ ಬಾಳಲಿ.

ನಿನ್ನ ಅಪ್ಪ,
ದೇವಿಂದ್ರಪ್ಪ

ಇನ್ನೊಂದು ಮಾತು: ಕೂಸಿಗೆ ಹೆಸರಿಟ್ಟ ದಿನ ಹಿರಿಯರೆಲ್ಲ ಅದನ್ನು ಎತ್ತಿ ಆಡಿಸಿದರು. ನಾನು ಎತ್ತಿಕೊಳ್ಳಲು ಬಂದಾಗ ನೀನು, "ಮಲಗ್ಯಾನಪ್ಪಾ, ಎಬ್ಬಸೂದು ಬ್ಯಾಡ" ಎಂದು ಒಳಗೆ ಒಯ್ದೆ. ಅವನ ಕಣ್ಣು ತೆರೆದೇ ಇದ್ದವು. ಅಲ್ಲಿದ್ದವರಿಗೆ ನಾನೂ "ಮಲಗ್ಯಾನ" ಎಂದೇ ಹೇಳಿದೆ. ಈ ಕೆಲಸ ಬಿಟ್ಟು ಬಂದರೆ ಅವನನ್ನು ನನ್ನ ತೊಡೆಯ ಮೇಲೆ ಹಾಕುತ್ತೀಯಾ? ಉಳಿದದ್ದಕ್ಕೆ ಉತ್ತರ ಬರೆಯದಿದ್ದರೂ ನಡೆಯುತ್ತದೆ, ಇದೊಂದನ್ನು ಬರೆ.