ನಾನು ಮುಟ್ಟಿದ ಕೋವಿ

ಅಕ್ಟೋಬರ್ 4, 1958. ಶನಿವಾರ

ರಾಗಿ ಕೇರಿ ಮುಗಿದಿರಲಿಲ್ಲ, ಮಾವ ಹೊಲದಿಂದ ಬಂದರು. ಮುಖ ನೋಡಿದೊಡನೆ ಗೊತ್ತಾಯಿತು — ಇವತ್ತೂ ಆಗಿಲ್ಲ. ಕೋವಿಯನ್ನು ದೇವರ ಮನೆಯ ಮೂಲೆಗೆ ಆನಿಸಿ, ಕಾಲು ಕೂಡ ತೊಳೆಯದೆ ಜಗಲಿಯ ಮೇಲೆ ಕೂತರು. ಹಂದಿಗಳು ಕಡಲೆಕಾಯಿ ಹೊಲದಲ್ಲಿ ಮತ್ತೆ ಎರಡು ಸಾಲು ಬಗೆದು ಹಾಕಿವೆ. ಬೆಳಗಿನ ಬೆಳಕಲ್ಲಿ, ಇಪ್ಪತ್ತು ಮಾರು ದೂರದಲ್ಲಿ ಒಂದು ನಿಂತಿತ್ತಂತೆ. ಕೋವಿಯ ಕುದುರೆ ಕೇಪಿನ ಮೇಲೆ ಬಿತ್ತು, ಸಣ್ಣ ಪಟಾಕಿ ಹಾಗೆ ಟಪ್ ಅಂತು... ಅಷ್ಟೇ. ಒಳಗಿನ ಮದ್ದು ಹೊತ್ತಲೇ ಇಲ್ಲ. ಹಂದಿ ಒಮ್ಮೆ ತಿರುಗಿ ನೋಡಿ ನಿಧಾನಕ್ಕೆ ಹೋಯಿತಂತೆ. ಓಡಿದ್ದರೂ ಮಾವನಿಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಪಕ್ಕದ ಹೊಲದ ಕೋನಪ್ಪ ಬೇಲಿ ಹತ್ತಿರ ನಿಂತು ನೋಡಿದ್ದಾನೆ. ಅಂದ ಮೇಲೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು.

ಇದು ನಾಲ್ಕನೇ ಸಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪದ ಕೋವಿಯಂತೆ. ಆಷಾಢ ಕಳೆದು ತವರಿಂದ ಬಂದ ವಾರ, ಕಸ ಗುಡಿಸುವಾಗ ಅದನ್ನು ಎತ್ತಿ ಪಕ್ಕಕ್ಕಿಟ್ಟಿದ್ದೆ. ಮಾವ ನೋಡಿದ್ದರು. ಆಮೇಲೆ ಶುರುವಾಯಿತು ಇದೆಲ್ಲ. ಇವತ್ತು ಬಾಯಿಬಿಟ್ಟೇ ಅಂದರು: "ಹೊಸ ಹೆಣ್ಣು ಮುಟ್ಟಿದ ಕೋವಿ. ಮೈಲಿಗೆ ಆಗೈತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಎಮ್ಮೆ ನಾನು.

ಅಕ್ಟೋಬರ್ 5, ಭಾನುವಾರ

ಇವರು ಗೌರಿಬಿದನೂರಿನಿಂದ ಬಂದಿದ್ದಾರೆ. ಆಫೀಸಿನಲ್ಲಿ ಫೈಲು ಬರೆಯುವ ಗಂಡಸು ಅಪ್ಪನ ಎದುರು ಒಂದು ಸಾಲು ಮಾತಾಡಲಿಲ್ಲ.

ಮಾವನ ತೀರ್ಮಾನ — ಮುಂದಿನ ಭಾನುವಾರ ನನ್ನನ್ನು ಶಿಡ್ಲಘಟ್ಟಕ್ಕೆ, ತವರಿಗೆ ಬಿಟ್ಟು ಬರಬೇಕು. ಕಡಲೆಕಾಯಿ ಕೀಳುವವರೆಗೂ ನಾನು ಅಲ್ಲೇ. ಹಬ್ಬ ಇಲ್ಲ, ಬಸಿರಿಲ್ಲ, ಸುಮ್ಮನೆ ಪೆಟ್ಟಿಗೆ ಹೊತ್ತು ಹೋದರೆ ಅಪ್ಪನಿಗೆ ಏನು ಹೇಳಲಿ? ಕಾಲ್ಗುಣ ಸರಿ ಇಲ್ಲ ಅನ್ನೋ ಮಾತು ಒಮ್ಮೆ ಅಂಟಿದರೆ ಸಾಯುವವರೆಗೂ ಬಿಡುವುದಿಲ್ಲ.

ಜಗಳ ಆಡಿದ್ದು ಅತ್ತೆ ಒಬ್ಬರೇ. "ಮಗೂ ಏನ್ ಮಾಡೈತೆ? ಕಬ್ಬಿಣಕ್ಕೆ ಏನ್ ಗೊತ್ತು ಗಂಡು ಹೆಣ್ಣು?" ಮಾವ ಕೇಳಿಸದವರ ಹಾಗೆ ಎದ್ದು ಹೋದರು. ಅತ್ತೆಯ ಕಾಲಿಗೆ ಬೀಳಬೇಕು ಅನಿಸಿತು.

ಅಕ್ಟೋಬರ್ 6

ಮಾವ ಜಗಲಿಯಲ್ಲಿ ಕೂತು ಮೊನ್ನೆಯ ಮದ್ದು ತೆಗೆದರು. ಮದ್ದು ಜಡಿಯುವ ಕಬ್ಬಿಣದ ಕಡ್ಡಿ, ಆ ಗಜದ ತುದಿಗೆ ತಿರುಪು ಸಿಕ್ಕಿಸಿ, ತಿರುಗಿಸಿ ಎಳೆದರು. ಮೊದಲು ಮೇಲೆ ತುರುಕಿದ್ದ ನಾರು, ಆಮೇಲೆ ಚರೆ ಗುಂಡು, ಕೊನೆಗೆ ಮದ್ದು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮದ್ದು ಪುಡಿಯಾಗಿ ಉದುರಬೇಕು ತಾನೆ? ಕಣ್ಣ ಕಾಡಿಗೆಯ ಹಾಗೆ ಅಂಟಿಕೊಂಡು ಬಂತು.

"ಥಂಡಿ," ಅಂದರು ಮಾವ.

ಎಲ್ಲಿಯ ಥಂಡಿ? ಮಳೆ ಬಿದ್ದು ಹನ್ನೆರಡು ದಿನ ಆಯಿತು. ಮೂಲೆಯಲ್ಲಿ ಉಪ್ಪು ಕೂಡ ಒದ್ದೆಯಾಗಿಲ್ಲ. ನಂಬಿಕೆ ಬರಲಿಲ್ಲ.

ಅಕ್ಟೋಬರ್ 8, ಬುಧವಾರ. ಮಧ್ಯಾಹ್ನ

ಬೆರಳೆಲ್ಲ ಕಪ್ಪು. ಬರೆಯಲೇಬೇಕು.

ಮಾವ ಹೊಸ ಕೇಪು ತರಲು ಪೆರೇಸಂದ್ರದಲ್ಲಿ ಬಸ್ಸು ಹಿಡಿದು ಚಿಕ್ಕಬಳ್ಳಾಪುರಕ್ಕೆ ಹೋದರು. ಅತ್ತೆ ಹಿತ್ತಲಲ್ಲಿ. ಹೇಗೂ ಮುಟ್ಟಿ ಕೆಡಿಸಿದವಳು ಅನಿಸಿಕೊಂಡಿದ್ದೀನಿ, ಇನ್ನೊಮ್ಮೆ ಮುಟ್ಟಿದರೆ ಹೊಸದಾಗಿ ಏನು ಕೆಡುತ್ತದೆ?

ಕೇಪು ಸಿಡಿಯುತ್ತಿದೆ, ಅದು ಸರಿ. ಡಬ್ಬಿಯ ಮದ್ದು ಒಂದು ಚಿಟಿಕೆ ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕಿ ಕಡ್ಡಿ ಗೀರಿದೆ. ಬುಸ್ ಅಂತ ಹೊತ್ತಿತು. ಅದೂ ಸರಿ. ಅಂದರೆ ಕೇಪಿನ ಬೆಂಕಿ ಮದ್ದಿಗೆ ತಲುಪುವ ದಾರಿಯಲ್ಲೇ ಏನೋ ಆಗಿದೆ. ಕೇಪು ಕೂರುವ ಮೂತಿಯ ಸಣ್ಣ ತೂತಿಗೆ ನನ್ನ ಸೀರೆಯ ಪಿನ್ನು ತೂರಿಸಿದೆ. ಕಪ್ಪನೆ ಲೋಳೆ ಬಂತು. ಮೂಸಿದೆ.

ಹರಳೆಣ್ಣೆ!

"ಅಯ್ಯೋ ಶ್ಯಾಮೂ, ಏನೇ ಮಾಡ್ತಿದ್ದೀಯಾ!" ಅತ್ತೆ ಬಾಗಿಲಲ್ಲಿ. ನಾನು ಪಿನ್ನು ಅವರ ಮೂಗಿಗೆ ಹಿಡಿದೆ. ಬೈಯಲಿಲ್ಲ. ಗೋಡೆಗೊರಗಿ ಕೂತು ಎಲ್ಲಾ ಹೇಳಿಬಿಟ್ಟರು.

ಶ್ರಾವಣದಲ್ಲಿ ಪಕ್ಕದೂರಿನ ವೆಂಕಟರವಣಪ್ಪನ ಕೋವಿ ಸಿಡಿದು ಕಣ್ಣು ಹೋಯಿತಲ್ಲ, ಆವತ್ತಿನಿಂದ ಅತ್ತೆಗೆ ಭಯ. ಪ್ರತಿ ಶುಕ್ರವಾರ ಮಾವ ಸ್ನಾನಕ್ಕೆ ಹೋದಾಗ ದೀಪ ಹಚ್ಚಿ, ಕೋವಿಗೆ ಕುಂಕುಮ ಇಟ್ಟು, ಬಾಯಿಯೊಳಗೆ ಒಂದು ಚಮಚ ಹರಳೆಣ್ಣೆ! ಉಷ್ಣ ಇಳಿಯಲಿ, ತಣ್ಣಗಿರಲಿ ಅಂತ. ಮಕ್ಕಳ ನೆತ್ತಿಗೆ ಇಡುವ ಹಾಗೆ. ಕೋವಿ ಬಾಯಿ ಮೇಲೆ ಮಾಡಿ ನಿಂತಿರುತ್ತದೆ, ಎಣ್ಣೆ ಎಲ್ಲಾ ಬುಡಕ್ಕೆ ಇಳಿದು ಕೂತಿದೆ.

"ನಿಮ್ಮ ಮಾವನಿಗೆ ಹೇಳ್ಬೇಡ ಕಣೇ. ನಿನ್ನನ್ನ ಅಂದಂಗೆ ನನ್ನೂ ಅಂದ್ರೆ ನಾನ್ ತಡಕೊಳ್ಳಲ್ಲ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ಮನೆಯಲ್ಲಿ ನನ್ನ ಕಡೆ ಇರುವುದು ಇವರೊಬ್ಬರೇ. ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಇಬ್ಬರೂ ಸೇರಿ ತೊಳೆದೆವು. ಹಬ್ಬದ ದಿನ ಎಣ್ಣೆ ನೀರು ಹಾಕಿದ ಹಾಗೇ — ಬಿಸಿನೀರು, ಸೀಗೆಪುಡಿ. ಗಜಕ್ಕೆ ಬಟ್ಟೆ ಸುತ್ತಿ ಉಜ್ಜಿ ಉಜ್ಜಿ, ಬಾಯಿ ಕೆಳಗೆ ಮಾಡಿ ಬಿಸಿಲಿಗೆ ನಿಲ್ಲಿಸಿದೆವು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು.

ಅಕ್ಟೋಬರ್ 9

ಢಂ! ಸಂಜೆ ಮಾವ ಹುಣಸೆ ಮರದ ಕಡೆ ಹೊಡೆದು ನೋಡಿದರು. ಕಾಗೆಗಳೆಲ್ಲ ಎದ್ದವು. ನನ್ನ ಎದೆಯೂ.

ಮಾವ ಅತ್ತೆಗೆ ಏನಂದರು ಗೊತ್ತೇ? "ನೋಡ್ದೇನೇ, ಹೊಸ ಕೇಪು. ಜೊತೆಗೆ ತೀರ್ಥ ಪ್ರೋಕ್ಷಣೆ ಮಾಡಿಸ್ದೆ. ಮೈಲಿಗೆ ಕಳೀತು."

ತೀರ್ಥವಂತೆ! ಸೀಗೆಪುಡಿಗೆ ಹೆಸರೇ ಇಲ್ಲ. ನನ್ನ ಪ್ರಯಾಣವೂ ನಿಲ್ಲಲಿಲ್ಲ. "ಮತ್ತೆ ಅಂಟೋದು ಬೇಡ, ಹೋಗಿದ್ದು ಬರ್ಲಿ" ಅಂತೆ.

ಅಕ್ಟೋಬರ್ 11, ಶನಿವಾರ

ಮತ್ತೆ ಟಪ್.

ನಿನ್ನೆ ಶುಕ್ರವಾರ. ನಾನು ಬಾವಿಗೆ ಹೋಗಿದ್ದೆ. ಕೇಳಿದರೆ ಅತ್ತೆ ನೆಲ ನೋಡುತ್ತಾ ಅಂದರು: "ಮೊನ್ನೆ ಆ ಸದ್ದು ಕೇಳಿ ಜೀವ ಹೋದಂಗಾಯ್ತು ಕಣೇ. ಕೈ ತಡೀಲಿಲ್ಲ. ಅರ್ಧ ಚಮಚ ಅಷ್ಟೇ..."

ಅರ್ಧ ಚಮಚ! ಇವತ್ತು ಎರಡು ಹಂದಿ, ಜೊತೆಗೆ ಕೋನಪ್ಪ ಸಾಕ್ಷಿ. ಮಾವ ಬಂದವರು ನನ್ನ ಕಡೆ ನೋಡಲೂ ಇಲ್ಲ. "ನಾಳೆ ಮೊದಲನೇ ಬಸ್ಸು," ಅಂದರು, ಸಂಜೆ ಗೌರಿಬಿದನೂರಿನಿಂದ ಬಂದ ಇವರಿಗೆ.

ಪೆಟ್ಟಿಗೆಗೆ ಸೀರೆ ತುಂಬಿದೆ. ಹೇಳಿಬಿಡಲೇ ಅಂತ ಹತ್ತು ಸಲ ನಾಲಿಗೆ ತುದಿಗೆ ಬಂತು. ಹೇಳಿದರೆ ನಾನು ಉಳಿಯುತ್ತೀನಿ, ಅತ್ತೆ ಊರ ಬಾಯಿಗೆ ಬೀಳುತ್ತಾರೆ. ಅತ್ತೆಯ ಮೇಲೂ ಸಿಟ್ಟು, ನನ್ನ ಮೇಲೂ ಸಿಟ್ಟು. ಕೊಟ್ಟ ಮಾತು ಕೊಟ್ಟ ಹಾಗೆ. ಹಾಳಾಗಲಿ.

ಅಕ್ಟೋಬರ್ 12, ಭಾನುವಾರ

ಬಸ್ಸು ಹೋಯಿತು. ನಾನಿಲ್ಲದೆ.

ಪೆಟ್ಟಿಗೆ ಗಾಡಿಯ ಮೇಲಿತ್ತು. ಇವರು ಹಗ್ಗ ಕಟ್ಟುತ್ತಿದ್ದರು. ಕೋನಪ್ಪ ಬೇವಿನ ಕಡ್ಡಿ ಜಗಿಯುತ್ತಾ ಜಗಲಿಯ ಹತ್ತಿರ — ಇಂಥ ಹೊತ್ತು ಬಿಡುತ್ತಾನೆಯೇ? ಅತ್ತೆ ಒಳಗಿಂದ ಬಂದರು. ಕೈಯಲ್ಲಿ ಎಣ್ಣೆ ಕುಡಿಕೆ.

"ಪೆಟ್ಟಿಗೆ ಇಳ್ಸಪ್ಪಾ ಕೇಶವ. ಹೋಗೋದಾದ್ರೆ ನಾನ್ ಹೋಗ್ಬೇಕು."

ಮಾವ ತಿರುಗಿದರು.

"ಕೋವಿ ಕೆಟ್ಟಿದ್ದು ಶ್ಯಾಮೂ ಕೈಯಿಂದ ಅಲ್ಲ. ಶುಕ್ರವಾರ ಶುಕ್ರವಾರ ಇದನ್ನ ಹುಯ್ದೋಳು ನಾನು. ಮೊನ್ನೆ ತೊಳೆದು ಸರಿ ಮಾಡ್ದೋಳು ಅವಳು. ನಿಮ್ಮ ತೀರ್ಥ ಅಲ್ಲ."

"ಯಾಕೆ?" ಅಂದರು ಮಾವ.

"ಯಾಕೆ ಅಂದ್ರೆ? ಸಿಡೀದೆ ಇರ್ಲಿ ಅಂತ. ನೀವ್ ಅದನ್ನ ಎತ್ಕೊಂಡು ಹೋದ್ರೆ ನಂಗೆ ಒಂದ್ ತುತ್ತು ಇಳಿಯಲ್ಲ ಕಣ್ರೀ. ಹಂದಿ ಎಲ್ಲಾ ತಿಂದ್ಕೊಂಡ್ ಹೋಗ್ಲಿ. ನೀವ್ ನಂಗೆ ಕಣ್ಣು ಕೈ ಸರಿಯಾಗಿ ಮನೇಗೆ ಬಂದ್ರೆ ಸಾಕು."

ಕೋನಪ್ಪ "ಅಯ್ಯೋ ದೇವುಡಾ!" ಅಂತ ಗಹಗಹಿಸಿ ನಕ್ಕ. ಮಾವ ಅತ್ತೆಯ ಕೈಯಿಂದ ಕುಡಿಕೆ ತೆಗೆದುಕೊಂಡು ಮೂಸಿದರು. ಬೈಯುತ್ತಾರೆ ಅಂತ ನಾನು ಸೆರಗು ಹಿಂಡುತ್ತಿದ್ದೆ. ಅವರು ತಿರುಗಿದ್ದು ಕೋನಪ್ಪನ ಕಡೆ.

"ನಗಬೇಡ ಕೋನಪ್ಪ. ಇಷ್ಟು ದಿನ ಊರೆಲ್ಲಾ ಸಾರ್ದೆಯಲ್ಲ, ಇದನ್ನೂ ಸಾರು ಹೋಗು. ನರಸಿಂಹಪ್ಪನ ಸೊಸೆ ಕೈ ಚೆನ್ನಾಗೈತೆ, ಕೆಟ್ಟಿದ್ದು ನರಸಿಂಹಪ್ಪನ ತಲೆ ಅಂತ."

ಆಮೇಲೆ ತಾವೇ ಗಾಡಿಯ ಹತ್ತಿರ ಹೋಗಿ, ಹಗ್ಗ ಬಿಚ್ಚಿ, ನನ್ನ ಪೆಟ್ಟಿಗೆ ಹೊತ್ತುಕೊಂಡು ಒಳಗೆ ಬಂದರು. ಅರವತ್ತು ದಾಟಿದ ಮನುಷ್ಯ. ಬೇಡ ಮಾವ ಅಂದರೆ ಕೇಳಲಿಲ್ಲ. ಇವರು ಹಗ್ಗ ಹಿಡಿದು ಪೆಚ್ಚಾಗಿ ನಿಂತಿದ್ದರು. ನನಗೆ ಅಳು ತಡೆಯಲಿಲ್ಲ. ಜೋರಾಗಿಯೇ ಅತ್ತುಬಿಟ್ಟೆ. ಏನೀಗ?

ಅಕ್ಟೋಬರ್ 19, ಭಾನುವಾರ. ಬೆಳಿಗ್ಗೆ ಐದು ಗಂಟೆ

ವಾರವೆಲ್ಲ ಬರೆಯಲು ಪುರುಸೊತ್ತಿಲ್ಲ. ಕೋವಿಗೆ ಮತ್ತೆ ಸೀಗೆಪುಡಿ ಸ್ನಾನ — ಈ ಸಲ ಮಾವನೂ ಕೂತು ಉಜ್ಜಿದರು. ಮದ್ದು ತುಂಬುವ ಮುಂಚೆ ಬರೀ ಕೇಪು ಎರಡು ಹೊಡೆದರೆ ಒಳಗಿನ ಪಸೆ ಒಣಗುತ್ತದೆ, ಇದು ಮಾವನ ಉಪಾಯ. ಬಾಯಿ ಕೆಳಗೆ ಮಾಡಿ ನಿಲ್ಲಿಸುವುದು ನನ್ನದು. ಮೊನ್ನೆ ಶುಕ್ರವಾರ ಅತ್ತೆ ಮಾವನ ಎದುರಿಗೇ ಕೋವಿಯ ಮರದ ಹಿಡಿಗೆ ಕುಂಕುಮ ಇಟ್ಟರು. ಎಣ್ಣೆ ಮಾವನ ನೆತ್ತಿಗೆ. ಅವರು ಸುಮ್ಮನೆ ತಲೆ ಕೊಟ್ಟು ಕೂತಿದ್ದರು.

ಹಂದಿಗಳು ಕೆರೆ ಕಡೆಯಿಂದ ಇಳಿಯುತ್ತಿವೆ ಅಂತ ಕೋನಪ್ಪನೇ ಓಡಿ ಬಂದು ಹೇಳಿದ. ಇನ್ನೂ ಜಗಲಿಯಲ್ಲೇ ನಿಂತಿದ್ದಾನೆ. ಅತ್ತೆ ಒಲೆ ಮುಂದೆ, ಬಾಯಲ್ಲಿ ದೇವರ ಹೆಸರು. ಇವರು ಲಾಟೀನು ಹಿಡಿದಿದ್ದಾರೆ. ಮಾವ ಚಪ್ಪಲಿ ಮೆಟ್ಟಿ ಅಂಗಳದಿಂದ ಕೂಗುತ್ತಿದ್ದಾರೆ, ಬೀದಿಗೆಲ್ಲ ಕೇಳಿಸುವ ಹಾಗೆ —

"ಶ್ಯಾಮಲಾ! ಕೋವಿ ತಗೊಂಡ್ ಬಾರಮ್ಮಾ. ಅವನ ಕೈಗೆ ಕೊಡ್ಬೇಡ. ನಿನ್ ಕೈಲೇ ತಗೊಂಡ್ ಬಾ."

ಬಂದೆ ಮಾ—