ಅಮ್ಮನ ಹೆಣದ ಮುಂದೆ ಹಿಡಿದ ಕೈ

ಕೇಪ್ ಬ್ರೆಟನ್ ದ್ವೀಪ

ಪೊಲೀಸ್ ಅಧಿಕಾರಿ ಬುದ್ರೋ ಅವರಿಗೆ,

ನಮ್ಮಪ್ಪ ಮನೆಯ ಮೆಟ್ಟಿಲ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದರು. ಅವರ ಕೋಟಿನ ಕಾಲರಿನಲ್ಲಿ ಹೆಕ್ಟರ್ ಗಿಲ್ಲಿಸನ ಡಿಎನ್‌ಎ ಸಿಕ್ಕಿತೆಂದು ಅವನನ್ನು ಒಳಗೆ ಹಾಕಿದ್ದೀರಿ. ದೋಣಿ ಕಟ್ಟುವ ಜಾಗಕ್ಕಾಗಿ ಜಗಳವಾಡಿ ಇಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರು, ನಿಜ. ಆದರೆ ಅವತ್ತು ನಮ್ಮಮ್ಮನ ಹೆಣ ಮನೆಯಲ್ಲಿತ್ತು. ಈ ದ್ವೀಪದಲ್ಲಿ ಸಾವಿನ ಮನೆಗೆ ಹಗೆಯವನೂ ಬರುತ್ತಾನೆ. ಬಂದವನು ಮನೆಯವರ ಕೈ ಹಿಡಿಯದೆ ಹೋಗುವುದಿಲ್ಲ.

ಹೆಕ್ಟರ್ ಅಪ್ಪನ ಕೈ ಹಿಡಿದವನು ಬಿಡಲೇ ಇಲ್ಲ.

"ನಿನ್ ಕೈಯಿಂದ ಮೀನು ನಾತ ಇನ್ನೂ ಹೋಗಿಲ್ವಲ್ಲೋ," ಎಂದರು ಅಪ್ಪ.

"ನಿನ್ ಮೂಗಿಗೇನೂ ಆಗಿಲ್ಲ ಬಿಡು, ಮುದ್ಕ," ಎನ್ನುತ್ತಾ ಅವನು ಅತ್ತುಬಿಟ್ಟ.

ಅವನು ಹೋದ ಮೇಲೆ ಅಪ್ಪ ಅದೇ ಕೈಯಲ್ಲಿ ಕಾಲರ್ ಎತ್ತಿಕೊಂಡು ಸೌದೆ ತರಲು ಹೊರಗೆ ಹೋದರು. ಮೆಟ್ಟಿಲು ಹಿಮಗಟ್ಟಿ ಗಾಜಿನಂತಾಗಿತ್ತು.

"ಕೈ ಕುಲುಕಿದ್ರೆ ಕಾಲರಿಗೆ ಹೇಗಮ್ಮ ಹೋಗುತ್ತೆ?" ಎಂದು ನೀವು ನಕ್ಕಿರಿ. ಅಪ್ಪನ ಕೈಯಲ್ಲೇ ಹೋಯಿತು ಸ್ವಾಮಿ. ನಿಮ್ಮ ಪ್ರಯೋಗಾಲಯದವರನ್ನೇ ಕೇಳಿ. ಸರಿಯಾಗಿ ಹುಡುಕಿದರೆ ಆ ಕಾಲರಿನಲ್ಲಿ ಅವತ್ತು ಅಪ್ಪನ ಕೈ ಹಿಡಿದಿದ್ದ ನಮ್ಮ ಪಾದ್ರಿಗಳೂ ಸಿಕ್ಕಾರು.

ಅಪ್ಪನಿಗೆ ನಿನ್ನೆ ಎಚ್ಚರವಾಯಿತು. ಬಿದ್ದದ್ದು ನೆನಪಿಲ್ಲ. ಆಸ್ಪತ್ರೆಯ ಬಾಗಿಲನ್ನೇ ನೋಡುತ್ತಾ, "ಹೆಕ್ಟರ್ ಯಾಕೆ ಬರ್ಲಿಲ್ಲ? ಮತ್ತೆ ಮುನಿಸ್ಕೊಂಡ್ನಾ?" ಎಂದು ಕೇಳುತ್ತಿದ್ದಾರೆ.

ಏನು ಹೇಳಲಿ, ಬರೆದು ತಿಳಿಸಿ. ಇಲ್ಲವೇ ಅವನನ್ನೇ ಕಳಿಸಿಕೊಡಿ.

ಇಂತಿ,
ಎಫಿ ಮ್ಯಾಕ್‌ಇನ್ನಿಸ್